ಉದ್ದದ ಗುಂಡಿ ಅಕ್ಕನದು

ಅವನಿಗೆ ಅಪ್ಪ ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಕೆಲಸಕ್ಕೆ ಬಂದದ್ದಿಲ್ಲ. ನಿಂತದ್ದು ಅಕ್ಕ ಇಟ್ಟ ಹೆಸರು: ದಡಬಡ. ಜೊತೆಯ ಕೆಲಸದವರಿಗೆ ದಡಬಡಣ್ಣ, ಹೆಂಡತಿಗೆ ಸಿಟ್ಟು ಬಂದ ದಿನ ದಡಬಡರಾಯರು. ಮಾಡುವ ಕೆಲಸ ಲಿಫ್ಟ್ ರಿಪೇರಿ. ಅಯ್ಯೋ, ಇಂಥ ಹೆಸರಿನವನು ರಿಪೇರಿ ಮಾಡಿದ ಲಿಫ್ಟು ಹತ್ತುವುದು ಹೇಗಪ್ಪಾ ಎಂದು ನೀವು ಹೆದರಬೇಡಿ. ಲಿಫ್ಟಿನ ಬಾವಿಯೊಳಗೆ ಇಳಿದರೆ ಅವನಷ್ಟು ನಿಧಾನಸ್ಥ ಇನ್ನೊಬ್ಬನಿಲ್ಲ. ಹೊರಗೆ ಕಾಲಿಟ್ಟನೋ, ಮುಗಿಯಿತು. ಚಹಾ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತಾನೆ, ಹಾಲು ತರಲು ಹೋಗಿ ಹಾಲನ್ನೇ ಮರೆತು ಬರುತ್ತಾನೆ, ಎದುರಿನವರ ಮಾತು ಅರ್ಧ ಆಗುವುದರೊಳಗೆ ‘ಗೊತ್ತಾಯ್ತು ಗೊತ್ತಾಯ್ತು’ ಎಂದು ಹೊರಟೇಬಿಡುತ್ತಾನೆ. ಅವನ ಹೆಂಡತಿ ಹೇಳುವ ಪ್ರಕಾರ ಅವಳು ಆಡಲು ಶುರು ಮಾಡಿದ ಒಂದು ವಾಕ್ಯದ ಕೊನೆಯನ್ನೂ ಅವನು ಇವತ್ತಿನವರೆಗೆ ಕೇಳಿಲ್ಲ.

ಇಂಥವನ ಕಥೆ ಹೇಳಬೇಕೆಂದರೆ ಒಂದು ಕಂಪ್ಯೂಟರ್ ಆಟದ ವಿಷಯ ಹೇಳಲೇಬೇಕು. ಮೂಗು ಮುರಿಯಬೇಡಿ. ಐವತ್ತರ ಅಂಚಿಗೆ ಬಂದ ಗಂಡಸಿಗೆ ಆಟದ ಹುಚ್ಚೇ ಎಂದು ನಾನೂ ಮೊದಲು ನಕ್ಕಿದ್ದೆ. ಆಮೇಲೆ ನಗು ಬರಲಿಲ್ಲ.

ಅಮ್ಮ ತೀರಿಕೊಂಡಾಗ ಅವನಿನ್ನೂ ಅಂಗಿಯ ಗುಂಡಿ ಸರಿಯಾಗಿ ಹಾಕಿಕೊಳ್ಳಲು ಬಾರದ ಮಗು. ಸಾಕಿ ಬೆಳೆಸಿದವಳು ಅಕ್ಕ. ಅಪ್ಪನಿಗೆ ಬೇಕರಿಯಲ್ಲಿ ಒಲೆಯ ಮುಂದಿನ ಕೆಲಸ, ಯಾವಾಗಲೂ ರಾತ್ರಿ ಪಾಳಿ. ಹಾಗಾಗಿ ಎರಡು ಕೋಣೆಯ ಆ ಮನೆಯಲ್ಲಿ ಹಗಲೆಲ್ಲ, ಸಂಜೆಯ ತನಕವೂ, ಅಪ್ಪ ಮಲಗಿರುತ್ತಿದ್ದ. ಪಾತ್ರೆ ಸದ್ದಾಗಬಾರದು, ಬಾಗಿಲು ದಡ್ಡೆನ್ನಬಾರದು, ಜಗಳವಾಡುವುದಾದರೂ ಪಿಸುಮಾತಿನಲ್ಲೇ ಆಡಬೇಕು. ಅಕ್ಕನಿಗೋ ಬಾಯಿ ಸುಮ್ಮನಿದ್ದರೆ ಜ್ವರ ಬರುತ್ತಿತ್ತು. ಅವಳು ಟೈಪಿಂಗ್ ಕಲಿತು ಒಂದು ವಿಮಾ ಕಚೇರಿಗೆ ಸೇರಿದಳು. ಮನೆಯಲ್ಲಿ ಆಡದೆ ಉಳಿದ ಮಾತನ್ನೆಲ್ಲ ಅಲ್ಲಿ ಆಡಿ ಮುಗಿಸುತ್ತಿದ್ದಳು. ಬಾಯಿ ಪಕ್ಕದವಳ ಜೊತೆ ವಾದ ಮಾಡುತ್ತಿತ್ತು, ಕಣ್ಣು ಕಿಟಕಿಯಾಚೆ ಇರುತ್ತಿತ್ತು, ಬೆರಳು ಮಾತ್ರ ಒಂದಕ್ಷರ ತಪ್ಪದೆ ಓಡುತ್ತಿತ್ತು. ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯವನ್ನು ಬೇಕಾದವರು ಒಯ್ಯಿರಿ ಎಂದರು. ಅಕ್ಕ ಒಂದನ್ನು ಕೈಗಾಡಿಗೆ ಹೇರಿಸಿಕೊಂಡು ಬಂದಳು. ಅದರೊಳಗೆ ಯಾರೋ ಹಾಕಿ ಮರೆತ ಆಟವೊಂದಿತ್ತು.

ಆಟ ತೆರೆದರೆ ಒಂದು ಖಾಲಿ ನದೀದಂಡೆ. ಉಗುರಿನಷ್ಟೆತ್ತರದ ಕೆಲವೇ ಮನುಷ್ಯರು. ಅವರಿಂದ ಮರ ಕಡಿಸಬೇಕು, ಮನೆ ಕಟ್ಟಿಸಬೇಕು, ಹೊಲ ಉಳುಮೆ ಮಾಡಿಸಬೇಕು, ಬೆಳೆದದ್ದನ್ನು ಕಣಜಕ್ಕೆ ತುಂಬಿಸಬೇಕು. ಆಮೇಲೆ ಇಟ್ಟಿಗೆ ಗೂಡು, ಕಮ್ಮಾರನ ಅಂಗಡಿ, ದೋಣಿಕಟ್ಟೆ. ಊರು ಸ್ವಲ್ಪ ಹೊಟ್ಟೆ ತುಂಬಿಸಿಕೊಂಡಿತು ಎನ್ನುವಾಗ ನದಿಯ ಮೇಲೆ ಕಳ್ಳರ ದೋಣಿಗಳು ಬರುತ್ತವೆ. ಊರು ಕಟ್ಟುವುದೂ ಅದನ್ನು ಕಾಯುವುದೂ, ಇಷ್ಟೇ ಆಟ.

ಅವರ ಮೇಜಿನ ಮುಂದೆ ಒಂದು ಕುರ್ಚಿ, ಎಡಕ್ಕೆ ಒಂದು ಸ್ಟೂಲು. ಕುರ್ಚಿಯಲ್ಲಿ ದಡಬಡ, ಅವನ ಕೈಯಲ್ಲಿ ಮೌಸು. ಸ್ಟೂಲಿನ ಮೇಲೆ ಅಕ್ಕ, ಅವಳ ಎಡಗೈ ಕೀಬೋರ್ಡಿನ ಮೇಲೆ. ಬಲಗೈಯಲ್ಲಿ ಚಹಾ ಲೋಟ. ಇದು ಯಾರೂ ಕೂತು ಮಾಡಿದ ಒಪ್ಪಂದವಲ್ಲ, ಮೊದಲ ದಿನ ಹಾಗೆ ಕೂತರು, ಅದೇ ಕಾಯಂ ಆಯಿತು. ಅವನು ಮೌಸಿನಿಂದ ಜನರನ್ನು ಸುತ್ತುಗಟ್ಟಿ ಹಿಡಿದು ಹೊಲಕ್ಕೋ ಕಾಡಿಗೋ ಅಟ್ಟುತ್ತಿದ್ದ. ಅವಳು ನೋಡದೆಯೇ ಅಂಕಿಗಳನ್ನು ಒತ್ತಿ ಕಾವಲುಗಾರರನ್ನು ಎಬ್ಬಿಸುತ್ತಿದ್ದಳು. ಎಲ್ಲಕ್ಕಿಂತ ದೊಡ್ಡದು ಕೀಬೋರ್ಡಿನ ಕೆಳಸಾಲಿನ ಆ ಉದ್ದದ ಗುಂಡಿ. ಅದನ್ನೊತ್ತಿದರೆ ಆಟದ ಗಡಿಯಾರ ನಿಲ್ಲುತ್ತದೆ. ನದಿ ನಿಲ್ಲುತ್ತದೆ, ಹೊಗೆ ನಿಲ್ಲುತ್ತದೆ, ಕಳ್ಳ ಎತ್ತಿದ ಕಾಲು ಎತ್ತಿದಲ್ಲೇ ಇರುತ್ತದೆ. ನೀವು ಮಾತ್ರ ಆ ನಿಂತ ಊರಿನಲ್ಲಿ ನಿಧಾನಕ್ಕೆ ಯೋಚನೆ ಮಾಡಿ, ಯಾರಿಗೆ ಏನು ಕೆಲಸ ಎಂದು ಅಪ್ಪಣೆ ಕೊಡುತ್ತ ಕೂರಬಹುದು. ಎಷ್ಟು ಹೊತ್ತಾದರೂ ಕೂರಬಹುದು. ಮತ್ತೆ ಒತ್ತಿದರೆ ಎಲ್ಲ ನಡೆಯುತ್ತದೆ. ಆ ಗುಂಡಿ ಅಕ್ಕನದು. ದಡಬಡ ಅದನ್ನು ಮುಟ್ಟಿದ್ದೇ ಇಲ್ಲ.

ಅವನೊಂದು ತಪ್ಪು ಪ್ರತಿ ಸಲ ಮಾಡುತ್ತಿದ್ದ. ಕಣಜವನ್ನು ತಂದು ಇಟ್ಟಿಗೆ ಗೂಡಿನ ಪಕ್ಕಕ್ಕೇ ಕಟ್ಟಿಸುತ್ತಿದ್ದ. ಯಾಕೆಂದರೆ ದಾರಿ ಹತ್ತಿರ. ಗೂಡಿನ ಕಿಡಿ ಕಣಜಕ್ಕೆ ಹಾರಿ, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎನ್ನುವಂತೆ ಊರೇ ಉರಿಯುತ್ತಿತ್ತು. ಅಕ್ಕನಿಗೆ ಕೂಗಾಡುವಂತಿಲ್ಲ, ಗೋಡೆಯಾಚೆ ಅಪ್ಪ ಮಲಗಿದ್ದಾನೆ. ಅದಕ್ಕೆ ಅವಳು ಮೊದಲು ಉದ್ದದ ಗುಂಡಿ ಒತ್ತುತ್ತಿದ್ದಳು: ಟಕ್. ಆಮೇಲೆ ಅದೇ ಎಡಗೈ ಎತ್ತಿ ಅವನ ನೆತ್ತಿಯ ಮೇಲೆ ಒಂದು ಮೊಟಕುತ್ತಿದ್ದಳು. ಬಲಗೈಯ ಚಹಾ ಒಂದು ಹನಿ ಚೆಲ್ಲುತ್ತಿರಲಿಲ್ಲ. “ತಾಳಿದವನು ಬಾಳಿಯಾನು ದಡಬಡ,” ಎಂದು ಕಿವಿಯಲ್ಲಿ ಪಿಸುಗುಟ್ಟಿ, ಕಣಜವನ್ನು ನದಿಯ ಮೇಲ್ದಂಡೆಗೆ ಸಾಗಿಸಲು ಬೆರಳು ತೋರಿಸುತ್ತಿದ್ದಳು. ಆ ಮೊಟಕು ನೋಯುತ್ತಿತ್ತು, ಸುಳ್ಳು ಯಾಕೆ. ಆದರೆ ಸಂಜೆ ಅಕ್ಕ ಕಚೇರಿಯಿಂದ ಬರುವುದು ಸ್ವಲ್ಪ ತಡವಾದರೂ ಅವನು ಬಾಗಿಲಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

ಅಕ್ಕನಿಗೆ ಮದುವೆ ಗೊತ್ತಾಯಿತು. ದೂರದ ಊರು, ಒಳ್ಳೆಯ ಗಂಡು. ಹೊರಡುವ ಹಿಂದಿನ ಸಂಜೆ ಇಬ್ಬರೂ ಆಡಿದರು. ಅವತ್ತು ಊರು ಎಂದೂ ಇಲ್ಲದಷ್ಟು ಚೆನ್ನಾಗಿ ಬೆಳೆದಿತ್ತು, ಎರಡೂ ದಂಡೆ ಸೇರಿಸಿ ಸೇತುವೆ ಕಟ್ಟಿಯಾಗಿತ್ತು. ಅಕ್ಕ ಉದ್ದದ ಗುಂಡಿ ಒತ್ತಿ, “ಹೀಗೇ ಇರ್ಲಿ ಕಣೋ, ನಾನು ಬಂದಾಗ ಮುಂದಕ್ಕೆ ಆಡೋಣ,” ಎಂದಳು. ದಡಬಡ ಹಾಗೇ ಇಟ್ಟ. ಕಂಪ್ಯೂಟರ್ ಆರಿಸಲಿಲ್ಲ. ಪರದೆಗೆ ಟವೆಲ್ಲು ಹೊದಿಸಿದ. ಅಪ್ಪ ಬೈದರೂ ಜಗ್ಗಲಿಲ್ಲ. ಟವೆಲ್ಲಿನ ಅಡಿಯಲ್ಲಿ ಊರು ನಿಂತೇ ಇತ್ತು, ಒಂದು ದಿನ ಕರೆಂಟು ಹೋಗುವವರೆಗೆ.

ಅವನು ಫೋನಿನಲ್ಲಿ ಅಳುತ್ತ ಹೇಳಿದ. ಅಕ್ಕ ಬಿದ್ದು ಬಿದ್ದು ನಕ್ಕಳು. “ಅಲ್ವೋ, ಸೇವ್ ಮಾಡಿಟ್ಕೊಳ್ಳೋಕೆ ಏನಾಗಿತ್ತು ನಿಂಗೆ?”

“ಅದಕ್ಕೆ ಕೀಬೋರ್ಡ್ ಮುಟ್ಬೇಕಲ್ಲ. ಅದು ನಿಂದು.”

ಆ ಕಡೆಯಿಂದ ನಗು ನಿಂತುಹೋಯಿತು. ಆಮೇಲೆ ಅಕ್ಕ, “ಊಟ ಮಾಡಿದ್ಯಾ?” ಎಂದಳು.

ಅಲ್ಲಿಂದಾಚೆ ವರ್ಷಗಟ್ಟಲೆ ಅದೇ ಮಾತಾಯಿತು. ಊಟ ಆಯ್ತಾ? ಆಯ್ತು. ಮತ್ತೆ? ಮತ್ತೇನಿಲ್ಲ. ವರ್ಷಕ್ಕೊಮ್ಮೆ ಬಂದರೆ ಭಾವ ಜೊತೆಗಿರುತ್ತಿದ್ದ, ಮನೆ ತುಂಬ ಜನ ಇರುತ್ತಿದ್ದರು, ಅಕ್ಕ ಎಲ್ಲರೊಡನೆ ಮಾತಾಡುತ್ತಿದ್ದಳು. ನೆತ್ತಿ ಮೊಟಕುವಷ್ಟು ಹತ್ತಿರ ಕೂರುವ ಸಂದರ್ಭವೇ ಬರುತ್ತಿರಲಿಲ್ಲ. ಬೆಳೆದ ತಮ್ಮನನ್ನು, ಮದುವೆಯಾದ ತಮ್ಮನನ್ನು, ಹೆಂಡತಿಯ ಎದುರು ಯಾರು ಮೊಟಕುತ್ತಾರೆ? ಅವನಿಗೆ ಅದು ಬೇಕಿತ್ತು ಎಂದು ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ. ಅಕ್ಕ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರೂ ಅವನಿಗೆ ಅಕ್ಕನ ನೆನಪಾಗುತ್ತಿತ್ತು.

ಅವನ ಹೆಂಡತಿ ಮನೆಯ ಬೀದಿಯಲ್ಲೇ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆ. ಅಲ್ಲೊಂದು ಕಂಪ್ಯೂಟರು. ರಜೆಯ ಮಧ್ಯಾಹ್ನ ಅವನು ಅದರಲ್ಲಿ ಅದೇ ಆಟ ಹಾಕಿಕೊಂಡು ಕೂರುತ್ತಿದ್ದ. ಬಲಗೈಯಲ್ಲಿ ಮೌಸು, ಎಡಗೈ ಸುಮ್ಮನೆ ತೊಡೆಯ ಮೇಲೆ. ಊರುಗಳು ಉರಿದುಹೋಗುತ್ತಿದ್ದವು.

“ರೀ, ಆ ಉದ್ದ ಗುಂಡಿ ಒತ್ತಿದ್ರೆ ನಿಲ್ಲುತ್ತೆ ಅಂತ ನೀವೇ ಹೇಳಿದ್ರಲ್ಲ. ಒತ್ತಬಾರ್ದಾ?”

“ಅದು ನಂದಲ್ಲ ಕಣೇ.”

“ನಿಮ್ದಲ್ಲ ಸರಿ, ಅಂಗಡಿ ನಂದು, ಕೀಬೋರ್ಡೂ ನಂದು. ನಾನು ಪರ್ಮಿಷನ್ ಕೊಡ್ತೀನಿ, ಒತ್ತಿ.”

ಅವನು ನಕ್ಕು, ಉರಿದ ಊರು ಬಿಟ್ಟು ಹೊಸದು ಶುರು ಮಾಡುತ್ತಿದ್ದ. ಹೆಂಡತಿಗೆ ಕ್ರಮೇಣ ಅರ್ಥವಾಯಿತು. ಆಮೇಲೆ ಅವಳು ಕೇಳಲಿಲ್ಲ.

ಭಾವ ತೀರಿಕೊಂಡ ಮೇಲೂ ಅಕ್ಕ ತನ್ನ ಊರಲ್ಲೇ ಇದ್ದು ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಪಕ್ಕದ ಮನೆಯವರಿಂದ ಫೋನು ಬಂತು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ದಡಬಡ ಅವಳನ್ನು ಆಸ್ಪತ್ರೆಯಿಂದ ನೇರ ತನ್ನ ಮನೆಗೆ ಕರೆತಂದ. ಕಿಟಕಿಯಿದ್ದ ಕೋಣೆ ಕೊಟ್ಟರೂ ಅಕ್ಕ ಕಿಟಕಿ ಬಿಟ್ಟು ಗೋಡೆಯನ್ನೇ ನೋಡುತ್ತಿದ್ದಳು. ಹೆಂಡತಿ, “ಅತ್ತಿಗೆ, ಒಂದು ತುತ್ತು,” ಎಂದರೆ ಬಾಯಿ ತೆರೆಯುತ್ತಿದ್ದಳು, ಅಷ್ಟೇ. ಎಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಹೊರಬರುವ ದಾರಿ ಸಿಗದೆ ಒಳಗೇ ಉಳಿದಿದೆ ಎಂದಿದ್ದರು ಡಾಕ್ಟರು. ಹರಟೆಯಲ್ಲಿ ಊರು ಗೆದ್ದವಳಿಗೆ ಇಂಥ ಶಿಕ್ಷೆ! ಯಾರನ್ನು ಬೈಯುವುದು ಹೇಳಿ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಖಡಕ್ ಮಾತಿನವಳು. ದಡಬಡನನ್ನು ಅಡುಗೆಮನೆಗೆ ಕರೆದು ಹೇಳಿದಳು: “ಬಲಗೈ ಮಾತು ಬಿಡಿ, ಅದು ಆಮೇಲಿಂದು. ಚೆನ್ನಾಗಿರೋ ಎಡಗೈನೂ ಮಡಿಲಲ್ಲಿಟ್ಕೊಂಡು ಕೂತ್ಬಿಟ್ಟಿದ್ದಾರೆ ಅವ್ರು. ನಾನು ಎಷ್ಟು ಎಳೆದಾಡಿದ್ರೂ ಪ್ರಯೋಜನ ಇಲ್ಲ. ಅವ್ರಿಗೇ ಏನಾದ್ರೂ ಬೇಕು ಅನ್ನಿಸ್ಬೇಕು. ಅನ್ನಿಸ್ಲಿಲ್ಲ ಅಂದ್ರೆ ಹೀಗೇ ಗೋಡೆ ನೋಡ್ತಾ ಉಳಿದ್ಬಿಡ್ತಾರೆ. ಬೇಗ ಏನಾದ್ರೂ ನೋಡಿ.”

ಬೇಗ ಎನ್ನುವ ಮಾತು ದಡಬಡನಿಗೆ ಹೇಳಬೇಕೇ? ಅವತ್ತೇ ಯೋಚನೆ ಶುರು ಮಾಡಿದ. ಆಟ! ಅಕ್ಕನಿಗೆ ಆಟ ಬೇಕು ಅನ್ನಿಸೀತು. ಆದರೆ ಕಂಪ್ಯೂಟರು ಬೇಡ. ಕೀಬೋರ್ಡಿನ ಮೇಲೇ ಬದುಕಿದವಳು, ಬಲಗೈ ಕಳೆದುಕೊಂಡಿದ್ದಾಳೆ. ಅವಳ ಮುಂದೆ ಕೀಬೋರ್ಡ್ ಇಡುವುದೆಂದರೆ ಗಾಯದ ಮೇಲೆ ಉಪ್ಪು ಸುರಿದಂತೆ. ಹೀಗೆಂದುಕೊಂಡು ಅವನು ಟಿ.ವಿ.ಗೆ ಜೋಡಿಸಿ ಆಡುವ ಪೆಟ್ಟಿಗೆ, ಕನ್ಸೋಲ್, ತಂದುಬಿಟ್ಟ. ಅದೇ ಆಟವನ್ನು ಹೊಸ ಬಣ್ಣ ಬಳಿದು ಕನ್ಸೋಲಿಗೂ ಮಾಡಿದ್ದರು. ಅಂಗಡಿಯವನು, “ಸೋಫಾ ಮೇಲೆ ಕಾಲು ಚಾಚ್ಕೊಂಡು ಆಡ್ಬಹುದು ಸಾರ್, ಮೇಜಿನ ರಗಳೆಯೇ ಇಲ್ಲ. ಕಾಯಿಲೆಯವ್ರಿಗೆ ಹೇಳಿ ಮಾಡ್ಸಿದ್ದು,” ಎಂದ. ದಡಬಡ, “ಗೊತ್ತಾಯ್ತು ಗೊತ್ತಾಯ್ತು,” ಎಂದು ಹೊತ್ತು ತಂದ.

ಇಲ್ಲಿ ನನ್ನದೊಂದು ಮಾತಿದೆ. ಕನ್ಸೋಲನ್ನು ನಾನು ತೆಗಳುವವನಲ್ಲ. ಓಡುವ, ಹಾರುವ, ಗುದ್ದಾಡುವ ಆಟಕ್ಕೆ ಅದರ ಹಿಡಿಕೆಯಂಥದ್ದು ಇನ್ನೊಂದಿಲ್ಲ. ಎರಡು ಹೆಬ್ಬೆರಳಿಗೆ ಎರಡು ಕಡ್ಡಿ, ಉಳಿದ ಬೆರಳುಗಳಿಗೆ ಗುಂಡಿ, ಹಿಂದಕ್ಕೆ ಒರಗಿ ಕೂತರೆ ಮೈಯೆಲ್ಲ ಆರಾಮ. ಆದರೆ ಊರು ಕಟ್ಟಿ ಆಳುವ ಆಟ ಒರಗಿ ಕೂತು ಆಡುವಂಥದ್ದಲ್ಲ. ಅದಕ್ಕೆ ಮುಂದಕ್ಕೆ ಬಾಗಿ, ಮೂಗು ಪರದೆಗೆ ತಾಗಿಸಿ ಕೂರಬೇಕು. ಮೌಸಿನಲ್ಲಿ ಹತ್ತು ಜನರನ್ನು ಒಂದೇ ಗೀಟಿನಲ್ಲಿ ಹಿಡಿಯಬಹುದು. ಕಡ್ಡಿ ತಿರುಗಿಸಿ ಒಬ್ಬೊಬ್ಬನ ತಲೆಯ ಮೇಲೆ ಬಾಣ ತಂದು ನಿಲ್ಲಿಸುವುದು ಕೈಗೆ ಚೀಲ ಕಟ್ಟಿಕೊಂಡು ಕಾಳು ಆರಿಸಿದ ಹಾಗೆ. ಕೀಬೋರ್ಡಿನ ಅಷ್ಟೂ ಗುಂಡಿಗಳ ಕೆಲಸ ಆ ಪುಟ್ಟ ಹಿಡಿಕೆಗೆ ತುರುಕಬೇಕಲ್ಲ, ಅದಕ್ಕೆ ಒಂದು ಚಕ್ರ ಮಾಡಿದ್ದಾರೆ. ಎಡಗಡೆಯ ಗುಂಡಿ ಒತ್ತಿ ಹಿಡಿದುಕೊಂಡೇ ಬಲಗಡೆಯ ಕಡ್ಡಿ ತಿರುಗಿಸಿದರೆ ಚಕ್ರ ತಿರುಗಿ ಬೇಕಾದ ಅಪ್ಪಣೆ ಸಿಗುತ್ತದೆ. ಗಡಿಯಾರ ನಿಲ್ಲಿಸುವುದೂ ಆ ಚಕ್ರದಲ್ಲೇ ಒಂದು ಮನೆ. ಜಾಣತನದ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಎರಡು ಕೈ ಬೇಕು. ಎರಡೂ ಕೈ ಇದ್ದವನಿಗೆ ಈ ಮಾತು ಹೊಳೆಯುವುದಿಲ್ಲ ನೋಡಿ.

ಅಕ್ಕನನ್ನು ಸೋಫಾದ ಮೇಲೆ ಕೂರಿಸಿ, ಬಲಗಡೆಗೆ ದಿಂಬು ಕೊಟ್ಟು, ಟಿ.ವಿ. ಹಾಕಿದರು. ಗೋಡೆಯಗಲಕ್ಕೆ ನದಿ ತೆರೆದುಕೊಂಡಿತು. ಅಕ್ಕ ತಲೆಯೆತ್ತಿದಳು. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಕಣ್ಣು ಏನನ್ನೋ ಗುರುತು ಹಿಡಿಯಿತು. ತುಟಿಯ ಒಂದು ಕೊನೆ ಅಲುಗಿತು.

“ನೋಡಕ್ಕಾ, ನಮ್ ನದಿ! ಹಿಡ್ಕೋ, ಹಿಡ್ಕೋ!” ದಡಬಡ ಹಿಡಿಕೆಯನ್ನು ಅವಳ ಮಡಿಲಿಗೆ ಹಾಕಿದ.

ಎಡ ಹೆಬ್ಬೆರಳು ಕಡ್ಡಿಯನ್ನು ಒತ್ತಿತು, ದಂಡೆ ಮೆಲ್ಲಗೆ ಸರಿಯಿತು. ಮುಂದಿನದಕ್ಕೆ ಬಲಗೈ ಬೇಕು. ಅಕ್ಕ ತನ್ನ ಬಲಗೈಯನ್ನು ನೋಡಿದಳು. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು, ಯಾರದೋ ಸಾಮಾನನ್ನು ಎತ್ತಿಡುವಂತೆ, ಹಿಡಿಕೆಯ ಮೇಲೆ ಇಟ್ಟಳು. ಅದು ಜಾರಿತು. ಮತ್ತೆ ಎತ್ತಿಟ್ಟಳು. ಮತ್ತೆ ಜಾರಿತು.

“ಇರ್ಲಿ, ಇರ್ಲಿ, ಎಡಗಡೆ ನೀನು ಒತ್ತು, ಬಲಗಡೆ ನಾನು ನೋಡ್ಕೋತೀನಿ,” ಎಂದು ದಡಬಡ ಮೈಗೆ ಮೈ ತಾಗಿಸಿ ಕೂತು ಅರ್ಧ ಹಿಡಿಕೆ ಹಿಡಿದ. ಒಬ್ಬನ ಎರಡು ಕೈಗೆ ಮಾಡಿದ್ದು ಇಬ್ಬರ ಒಂದೊಂದು ಕೈಗೆ ಹೊಂದೀತೇ? ಅವಳ ಬೆರಳು ಒತ್ತುವ ಮೊದಲೇ ಇವನು ಕಡ್ಡಿ ತಿರುಗಿಸಿ ಆಗಿರುತ್ತಿತ್ತು. ಚಕ್ರ ತೆರೆಯಿತು, ಮುಚ್ಚಿತು, ತೆರೆಯಿತು, ಮುಚ್ಚಿತು. “ಬೇಗ ಅಕ್ಕಾ, ಈಗ, ಈಗ ಒತ್ತು!” ಎಂದು ಅವನು ಕೂಗಿದ. ಹಿಡಿಕೆ ಅವಳ ಕೈತಪ್ಪಿ ನೆಲಕ್ಕೆ ಬಿದ್ದು, ಬ್ಯಾಟರಿಯ ಮುಚ್ಚಳ ಹಾರಿ ಸೋಫಾದಡಿಗೆ ಹೋಯಿತು.

ಅಕ್ಕ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ರೆಪ್ಪೆಯ ಅಡಿಯಿಂದ ನೀರು ಇಳಿಯಿತು. ಮರುದಿನದಿಂದ ಅವಳು ಆ ಕೋಣೆಗೆ ಬರಲು ಒಪ್ಪಲಿಲ್ಲ. ವ್ಯಾಯಾಮದವಳಿಗೆ ಎಡಗೈಯನ್ನೂ ಕೊಡಲಿಲ್ಲ.

“ನಿಮ್ಮ ಅವಸರಕ್ಕಿಷ್ಟು,” ಎಂದಳು ಹೆಂಡತಿ. ಆಮೇಲೆ ಅವನ ಮುಖ ನೋಡಿ, “ಊಟಕ್ಕೆ ಬನ್ನಿ,” ಎಂದಳು. ಅವನು ಊಟ ಮಾಡಲಿಲ್ಲ. ಅವನಿಗೆ ಅಕ್ಕ ಬೇಕಿತ್ತು. ಬೈಯುವ, ಮೊಟಕುವ, ಗಾದೆ ಹೇಳುವ ಅಕ್ಕ. ಅವಳನ್ನು ತಾನೇ ಇನ್ನಷ್ಟು ಒಳಗೆ ತಳ್ಳಿಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ಆ ವಾರ ಒಂದು ಹಳೆಯ ಕಟ್ಟಡದಲ್ಲಿ ಲಿಫ್ಟಿನ ಹಗ್ಗ ನೋಡುವ ಕೆಲಸವಿತ್ತು. ಅವನ ಜೊತೆಗಾರನಿಗೆ ಎಲ್ಲರೂ ಗ್ರೀಸ್ ಮಾವ ಎನ್ನುತ್ತಾರೆ. ಇಡೀ ಜೀವಮಾನದಲ್ಲಿ ಅವನ ಅಂಗೈ ಬೆಳ್ಳಗಿದ್ದದ್ದನ್ನು ಕಂಡವರಿಲ್ಲ. ಇಂಥ ಕೆಲಸದಲ್ಲಿ ಇಬ್ಬರೂ ಲಿಫ್ಟಿನ ತಲೆಯ ಮೇಲೆ ಹತ್ತಿ ನಿಲ್ಲುತ್ತಾರೆ. ಒಬ್ಬ ಹಗ್ಗದ ಮೇಲೆ ಕಣ್ಣಿಟ್ಟು ಲಿಫ್ಟನ್ನು ಗೇಣು ಗೇಣಾಗಿ ಓಡಿಸುತ್ತಾನೆ. ಇನ್ನೊಬ್ಬನ ಕೈ ಕೆಂಪು ಗುಂಡಿಯ ಮೇಲಿರುತ್ತದೆ, ನಿಲ್ಲಿಸುವುದಷ್ಟೇ ಅವನ ಕೆಲಸ. ಓಡಿಸುವವನೇ ನಿಲ್ಲಿಸುವವನಾಗಬಾರದು ಎನ್ನುವುದು ಅವರಿಬ್ಬರ ನಿಯಮ. ಅವತ್ತು ಗ್ರೀಸ್ ಮಾವನ ಬಲಗೈಗೆ ಬ್ಯಾಂಡೇಜು ಸುತ್ತಿತ್ತು.

“ಈ ಕೈ ಇಟ್ಕೊಂಡು ಯಾಕೆ ಬಂದ್ರಿ ಮಾವ? ರಜಾ ಹಾಕೋದಲ್ವಾ?”

“ಓಡ್ಸೋಕೆ ನೀನಿದ್ದೀಯಲ್ಲೋ. ನಿಲ್ಸೋಕೆ ಎಷ್ಟು ಕೈ ಬೇಕು? ಒಂದು ಸಾಕು. ಎಡಗೈ ಆದ್ರೂ ಸಾಕು.”

ದಡಬಡನ ಕೈ ಹಗ್ಗದ ಮೇಲೇ ನಿಂತಿತು. ಎಡಕ್ಕೆ ಸ್ಟೂಲು. ಬಲಗೈಯಲ್ಲಿ ಚಹಾ ಲೋಟ. ಟಕ್ ಎಂದದ್ದು ಯಾವ ಕೈ? ಮೊಟಕಿದ್ದು ಯಾವ ಕೈ? ಅಯ್ಯೋ ಮುಟ್ಠಾಳ, ಆ ಕೈ ಇನ್ನೂ ಇದೆಯಲ್ಲೋ!

“ಏನಾಯ್ತೋ? ಹಗ್ಗ ಸವೆದಿದ್ಯಾ?”

“ಹಗ್ಗ ಗಟ್ಟಿ ಇದೆ ಮಾವ,” ಎಂದ ದಡಬಡ, ಕಣ್ಣೊರೆಸಿಕೊಂಡು ಮೂಗಿಗೆಲ್ಲ ಗ್ರೀಸು ಮೆತ್ತಿಕೊಂಡು.

ಮನೆಗೆ ಹೋದವನು ಈ ಸಲ ಅಕ್ಕನಿಗೆ ಏನೂ ಹೇಳಲಿಲ್ಲ. ಹೆಂಡತಿಗೆ ಮಾತ್ರ ಹೇಳಿದ. ಅವಳು ಅವನ ವಾಕ್ಯವನ್ನು ಕೊನೆಯವರೆಗೂ ಕೇಳಿ, “ಭಾನುವಾರ ಮಧ್ಯಾಹ್ನ ಗಿರಾಕಿ ಕಮ್ಮಿ,” ಎಂದಳು.

ಭಾನುವಾರ ಅವಳೇ ಹೋಗಿ, “ಅತ್ತಿಗೆ, ನಾನು ಅಂಗಡೀಲಿ ಪೇಪರ್ ಬಂಡಲ್ ಜೋಡಿಸ್ಬೇಕು. ನಿಮ್ಮನ್ನ ಇಲ್ಲಿ ಒಬ್ರನ್ನೇ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಬನ್ನಿ, ಸುಮ್ನೆ ಕೂತಿರಿ,” ಎಂದು ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಶಟರ್ ಅರ್ಧ ಇಳಿಸಿತ್ತು. ಒಳಗೆ ಕಾದ ಕಾಗದದ ವಾಸನೆ. ಕಂಪ್ಯೂಟರಿನ ಮುಂದೆ ದಡಬಡ ಕುರ್ಚಿ ಹಾಕಿಕೊಂಡು ಆಟದಲ್ಲಿ ಮುಳುಗಿದವನಂತೆ ಕೂತಿದ್ದ. ಹೆಂಡತಿ ಗಾಲಿಕುರ್ಚಿಯನ್ನು ಅವನ ಎಡಕ್ಕೆ ನಿಲ್ಲಿಸಿ, ಕುರ್ಚಿಯ ಕೈಯಿಂದ ಬೀಳಲಿದ್ದ ಅಕ್ಕನ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟು, ತನ್ನ ಬಂಡಲುಗಳ ಕಡೆ ಹೋದಳು. ಕೀಬೋರ್ಡು ಅಕ್ಕನ ಎದುರಿಗಿತ್ತು. ಬಹಳ ಟೈಪು ಮಾಡಿ ಅಕ್ಷರಗಳೆಲ್ಲ ಅಳಿಸಿಹೋದ ಕೀಬೋರ್ಡು. ಅಕ್ಕ ಅದನ್ನು ನೋಡಿ ಮುಖ ತಿರುಗಿಸಿಕೊಂಡಳು.

‘ಒತ್ತು ಅಕ್ಕಾ’ ಎಂಬ ಮಾತು ದಡಬಡನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹಲ್ಲು ಕಚ್ಚಿ ನುಂಗಿದ. ಹಳೆಯ ಮನೆಯಲ್ಲಿ ಅಪ್ಪ ಮಲಗಿದ್ದಾಗ ಇರುತ್ತಿದ್ದ ಹಾಗೆ, ಉಸಿರಿನ ಸದ್ದೂ ಆಗದಂತೆ ಆಡತೊಡಗಿದ. ಖಾಲಿ ದಂಡೆ. ಮೊದಲ ಮನೆ. ಮರ ಕಡಿಯುವವರು. ಆಡುತ್ತ ಆಡುತ್ತ, ಅಲ್ಲ ಸ್ವಾಮಿ, ಮನುಷ್ಯನ ಸ್ವಭಾವ ಎಲ್ಲಿಗೆ ಹೋದೀತು, ಅವನು ನಿಜವಾಗಿಯೂ ಆಟದೊಳಗೆ ಇಳಿದುಬಿಟ್ಟ. ನಡುವೆ ಯಾರೋ ಗಿರಾಕಿ ಶಟರಿನಡಿ ಬಗ್ಗಿ, “ಎರಡು ಕಾಪಿ ಆಗುತ್ತಾ?” ಎಂದದ್ದೂ ಅವನಿಗೆ ಕೇಳಲಿಲ್ಲ. ಹೊಲ ಬಂತು, ಇಟ್ಟಿಗೆ ಗೂಡು ಬಂತು. ಕಣಜ ಕಟ್ಟುವ ಹೊತ್ತಾಯಿತು. ಎಲ್ಲಿ ಕಟ್ಟುವುದು? ಅವನ ಕೈ ತಾನಾಗಿ ಹೋಗಿ ಗೂಡಿನ ಪಕ್ಕಕ್ಕೇ ಕಟ್ಟಿಸಿತು. ದಾರಿ ಹತ್ತಿರವಲ್ಲವೇ.

ನದಿಯ ತಿರುವಿನಲ್ಲಿ ದೋಣಿಗಳು ಕಂಡವು. ಅವನು ಜನರನ್ನು ದಂಡೆಯತ್ತ ಅಟ್ಟಿದ. ಅಷ್ಟರಲ್ಲಿ ಹಿಂದೆ ಗೂಡಿನ ಕಿಡಿ ಹಾರಿತು, ಕಣಜದ ಹುಲ್ಲಿನ ಮಾಡಿನಿಂದ ಹೊಗೆ ಎದ್ದಿತು. ಕಾಪಿ ಕೊಟ್ಟು ಬಂದ ಹೆಂಡತಿ ಹೆಗಲ ಹಿಂದಿನಿಂದ ನೋಡಿ, “ರೀ, ಬೆಂಕಿ!” ಎಂದಳು.

ಟಕ್.

ಹೊಗೆ ನಿಂತಿತು. ದೋಣಿಗಳು ನಿಂತವು. ಕರೆಂಟು ಹೋಯಿತೇನೋ ಎಂದು ಅವನಿಗೆ ಒಂದು ಕ್ಷಣ ಅನಿಸಿತು. ಇಲ್ಲ, ಪರದೆ ಬೆಳಗುತ್ತಲೇ ಇತ್ತು. ಅವನು ಕಣ್ಣು ಮಾತ್ರ ಕೆಳಗಿಳಿಸಿ ನೋಡಿದ. ಉದ್ದದ ಗುಂಡಿಯ ಮೇಲೆ ಅಕ್ಕನ ಎಡಗೈಯ ಹೆಬ್ಬೆರಳಿತ್ತು.

ಅವನ ಕತ್ತು ತಂತಾನೇ ಕುಗ್ಗಿತು. ಅಷ್ಟು ವರ್ಷಗಳ ಹಿಂದಿನ ಅಭ್ಯಾಸ, ಕತ್ತು ಮರೆತಿರಲಿಲ್ಲ. ಆ ಕೈ ಕೀಬೋರ್ಡಿನಿಂದ ಎದ್ದಿತು. ನಡುಗುತ್ತ, ನಡುವೆ ಒಮ್ಮೆ ನಿಂತು, ಮೇಲೆ ಬಂತು. ಪೂರ್ತಿ ಎತ್ತರಕ್ಕೆ ಅದಕ್ಕೆ ಬರಲಾಗಲಿಲ್ಲ. ದಡಬಡ ತಲೆ ತಗ್ಗಿಸಿ, ಇನ್ನೂ ತಗ್ಗಿಸಿ, ನೆತ್ತಿಯನ್ನು ಅದರ ಅಳತೆಗೆ ತಂದುಕೊಟ್ಟ. ಅಲ್ಲಿ ಈಗ ಕೂದಲೂ ಅಷ್ಟಾಗಿ ಉಳಿದಿಲ್ಲ. ಅಕ್ಕ ಮೊಟಕಿದಳು.

ನೋವಾಗಲಿಲ್ಲ. ಅದರಲ್ಲಿ ಬಲವೇ ಇರಲಿಲ್ಲ. ನೋವಾಗಲಿಲ್ಲವಲ್ಲ ಎಂದೇ ಅವನಿಗೆ ಅಳು ಒತ್ತರಿಸಿ ಬಂತು. ತಗ್ಗಿಸಿದ ತಲೆ ಎತ್ತದೆ, ಸದ್ದು ಮಾಡದೆ, ಭುಜ ಕುಲುಕುತ್ತ ಅತ್ತ.

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು, “ಅತ್ತಿಗೆ, ಇನ್ನೊಂದು ಕೊಡಿ. ಅದು ನನ್ನ ಪಾಲಿಂದು,” ಎಂದಳು.

ಅಕ್ಕನ ಗಂಟಲಿನಿಂದ ನಗುವಿನಂಥ ಸದ್ದೊಂದು ಬಂತು. ಆಮೇಲೆ ಅವಳ ತುಟಿ ಸೇರಿತು, ಬಿಟ್ಟಿತು, ಮತ್ತೆ ಸೇರಿತು. ಏನೋ ಹೇಳಲು ಹೊರಟಿದ್ದಳು. ಅವನ ಹೆಸರೋ, ಗಾದೆಯೋ, ಕಣಜವನ್ನು ಎಲ್ಲಿಗೆ ಸಾಗಿಸಬೇಕೆಂದೋ. ಕತ್ತಿನ ನರ ಬಿಗಿಯಿತು. ಮಾತು ಬರಲಿಲ್ಲ. ಅವಳ ಕಣ್ಣಿನಲ್ಲಿ ಮತ್ತೆ ಆ ಗೋಡೆ ನೋಡುವ ಸುಸ್ತು ಇಣುಕಿತು. ಮೇಲ್ದಂಡೆಗೆ ಅಲ್ವಾ, ಗೊತ್ತಾಯ್ತು ಗೊತ್ತಾಯ್ತು, ಎಂದು ಹೇಳಿಬಿಡುವುದು ದಡಬಡನಿಗೆ ಬಹಳ ಸುಲಭವಿತ್ತು. ಅವನು ಹೇಳಲಿಲ್ಲ.

“ಆಟ ನಿಂತಿದೆ ಅಕ್ಕಾ,” ಎಂದ. “ನಿಧಾನಕ್ಕೆ ಹೇಳು.”

ಮೌಸಿನ ಮೇಲಿದ್ದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅವಳ ಬಾಯನ್ನೇ ನೋಡುತ್ತ ಕೂತ.